ಎಡಿಎಚ್‌ಡಿ ಇರುವ ಮಕ್ಕಳಿಗಾಗಿ ಒಂದು ಸುತ್ತೋಲೆ ಹೊರಡಿಸಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸಾರ್.

ನನ್ನ ಮಗ ಐದನೇ ಕ್ಲಾಸಿನಲ್ಲಿ ಓದುತ್ತಿದ್ದಾನೆ. ಅವನಿಗೆ ಎಡಿಎಚ್‌ಡಿ, ಅಂದರೆ ಒಂದೇ ಕಡೆ ಗಮನ ನಿಲ್ಲಿಸುವುದು ಅಥವಾ ಸುಮ್ಮನೆ ಕೂರುವುದು ಕಷ್ಟವಾಗುವ ತೊಂದರೆ, ಇದೆ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಆ ಚೀಟಿಯನ್ನು ಶಾಲೆಯಲ್ಲಿ ತೋರಿಸಿ ಪರೀಕ್ಷೆಯಲ್ಲಿ ಸ್ವಲ್ಪ ಜಾಸ್ತಿ ಸಮಯ ಕೊಡಿ ಅಂತ ಕೇಳಿದೆ. "ವಿಕಲಚೇತನರ ಕಾರ್ಡ್ ಇದ್ದರೆ ತನ್ನಿ, ಇಲ್ಲದಿದ್ದರೆ ಆಗಲ್ಲ" ಅಂದರು.

ಆ ಕಾರ್ಡ್ ಎಲ್ಲಿಂದ ತರಲಿ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ತೊಂದರೆಗಳ ಪಟ್ಟಿ ಇದೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಹೆಸರಿಲ್ಲ. ಆದರೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಆರೋಗ್ಯ ತಂಡದವರು ಮಕ್ಕಳಲ್ಲಿ ಗುರುತಿಸಬೇಕಾದ ತೊಂದರೆಗಳಲ್ಲಿ ಇದೂ ಸೇರಿದೆ. ಗುರುತಿಸಿದ ಮೇಲೆ ಶಾಲೆಯಲ್ಲಿ ಏನು ಮಾಡಬೇಕು ಅನ್ನುವುದನ್ನು ಟೀಚರಿಗೆ ಯಾರಾದರೂ ಹೇಳಬೇಕಲ್ವಾ?

ಮೊನ್ನೆ ಗಣಿತದ ಉತ್ತರಪತ್ರಿಕೆ ಮನೆಗೆ ಬಂತು. ಮೊದಲ ನಾಲ್ಕು ಲೆಕ್ಕ ಸರಿ. ಐದನೆಯದರಲ್ಲಿ ದಶಕವನ್ನು ಮೇಲೆ ಬರೆದಿಟ್ಟು ಕೂಡಿಸುವುದನ್ನೇ ಬಿಟ್ಟಿದ್ದಾನೆ. ಹಾಳೆಯ ಹಿಂಬದಿ ಪೂರ್ತಿ ಖಾಲಿ, ತಿರುಗಿಸಿಯೇ ನೋಡಿಲ್ಲ. ಅವೇ ಲೆಕ್ಕಗಳನ್ನು ಮನೆಯಲ್ಲಿ ಒಂದೊಂದಾಗಿ ಕೊಟ್ಟೆ, ಎಲ್ಲವನ್ನೂ ಮಾಡಿದ. ಡೈರಿಯಲ್ಲಿ ಮಾತ್ರ ಕೆಂಪು ಶಾಯಿಯಲ್ಲಿ "ಗಮನವಿಲ್ಲ, ಬುದ್ಧಿ ಹೇಳಿ" ಅಂತ ಬರೆದಿತ್ತು.

ಬುದ್ಧಿ ಹೇಳಿದರೆ ಹೋಗುವ ತೊಂದರೆ ಇದಲ್ಲ ಸಾರ್. ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಮನೆತನದಲ್ಲಿ ಬರುವುದೂ ಜಾಸ್ತಿ. ಮುದ್ದು ಮಾಡಿದ್ದರಿಂದ ಬಂದಿದ್ದಲ್ಲ, ಹೊಡೆದರೆ ಹೋಗುವುದೂ ಇಲ್ಲ. ಹೊಡೆಯುವುದನ್ನಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಹೆಣ್ಣುಮಕ್ಕಳ ಸಂಕಟ ಇನ್ನೂ ಬೇರೆ. ಅವರಲ್ಲಿ ಎಷ್ಟೋ ಮಂದಿ ಗಲಾಟೆ ಮಾಡದೆ ಸುಮ್ನೆ ಎಲ್ಲೋ ನೋಡುತ್ತಾ ಕೂತಿರುತ್ತಾರೆ. ಹಾಗಾಗಿ ಅವರಿಗೆ ತೊಂದರೆ ಇದೆ ಅಂತ ಯಾರಿಗೂ ಗೊತ್ತಾಗುವುದೇ ಇಲ್ಲ.

ಕೇಂದ್ರದ ಕಾಯ್ದೆಯ ಪಟ್ಟಿ ಬದಲಾಯಿಸುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಶಾಲೆಗಳಿಗೆ ಸುತ್ತೋಲೆ ಕಳಿಸುವುದು ನಿಮ್ಮ ಕೈಯಲ್ಲೇ ಇದೆ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಅಥವಾ ಮಕ್ಕಳ ತಜ್ಞರ ಚೀಟಿ ಇದ್ದರೆ ಸಾಕು, ಕಾರ್ಡ್ ಕೇಳಬೇಡಿ ಅಂತ ಅದರಲ್ಲಿ ಬರೆಯಿಸಿ. ಅಂಥ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಲಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಲಿ. ಕೂತು ಕೂತು ಚಡಪಡಿಸುವಾಗ ಸೀಮೆಸುಣ್ಣ ತರುವುದಕ್ಕೋ ಬೋರ್ಡ್ ಒರೆಸುವುದಕ್ಕೋ ಎಬ್ಬಿಸಲಿ. ಇದಕ್ಕೆಲ್ಲ ದುಡ್ಡು ಬೇಕಾಗಿಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮಾತ್ರ ಎಸ್‌ಎಸ್‌ಎಲ್‌ಸಿವರೆಗೂ ಸಿಗಬೇಕು, ಅದಕ್ಕೆ ಪರೀಕ್ಷಾ ಮಂಡಳಿಗೂ ನೀವೇ ಹೇಳಬೇಕು.

ಟೀಚರುಗಳನ್ನು ನಾನು ದೂರುವುದಿಲ್ಲ. ಒಂದು ಕೋಣೆಯಲ್ಲಿ ಅಷ್ಟು ಮಕ್ಕಳನ್ನು ಇಟ್ಟುಕೊಂಡು ಪಾಠ ಮಾಡುವವರಿಗೆ ತರಬೇತಿ ಕೊಡಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಎರಡೂ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆಗಳೇ. ಹೇಳಿಕೊಡುವವರಿಗೆ ನಮ್ಮಲ್ಲಿ ಕೊರತೆ ಇಲ್ಲ.

ಬರುವ ವರ್ಷ ಶಾಲೆ ತೆರೆಯುವುದರೊಳಗೆ ಈ ಸುತ್ತೋಲೆ ಪ್ರತಿ ಬಿಇಒ ಕಚೇರಿಗೆ ತಲುಪಲಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ತಾಯಿ