ಡೀಸೆಲ್ ಕೆಟ್ಟಿದ್ದರೆ ತಡೆಯಬೇಕಾದದ್ದು ನಿಮ್ಮ ಕಿಟ್ಟೇ ಅಲ್ವಾ?

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು

ವಿಷಯ: ಡೀಸೆಲ್ ಪಿಕಪ್ ಗಾಡಿಗೆ ಲಿಫ್ಟ್ ಪಂಪ್ ಕಿಟ್ ತಪ್ಪಾಗಿ ಜೋಡಿಸಿರುವ ಬಗ್ಗೆ ದೂರು

ಮಾನ್ಯರೇ,

ನಾನು ಕೋಲಾರ ಎಪಿಎಂಸಿಯಿಂದ ಚೆನ್ನೈನ ಕೋಯಂಬೇಡು ಮಾರ್ಕೆಟ್ಟಿಗೆ ಟೊಮೆಟೊ ಸಾಗಿಸುತ್ತೇನೆ. ಗಾಡಿ ನನ್ನದೇ, ಓಡಿಸುವವನೂ ನಾನೇ. ನನ್ನ ಬಿಎಸ್ 4 ಕಾಮನ್ ರೈಲ್ ಪಿಕಪ್‌ಗೆ ನಿಮ್ಮ ವರ್ಕ್‌ಶಾಪಿನಲ್ಲೇ ಟ್ಯಾಂಕಿನಿಂದ ಇಂಜಿನ್ ಕಡೆಗೆ ಡೀಸೆಲ್ ತಳ್ಳುವ ಎಲೆಕ್ಟ್ರಿಕ್ ಲಿಫ್ಟ್ ಪಂಪ್, ನೀರು ಬೇರ್ಪಡಿಸುವ ವಾಟರ್ ಸೆಪರೇಟರ್ ಇರುವ ಫಿಲ್ಟರ್, ಹೊಸ ಪೈಪು ಎಲ್ಲಾ ಹಾಕಿಸಿದೆ. ನನಗೆ ಜಾಸ್ತಿ ಪವರ್ ಬೇಕಿರಲಿಲ್ಲ. ಲೋಡ್ ಇದ್ದಾಗ ಇಂಜಿನ್ನಿಗೆ ಗಾಳಿ, ನೀರು ಸೇರದ ಡೀಸೆಲ್ ತಡೆಯಿಲ್ಲದೆ ಸಿಗಲಿ ಅಂತಷ್ಟೇ ಆಸೆ. ನಿಮ್ಮ ಸೇಲ್ಸ್‌ನವರಿಗೆ ಇದನ್ನೇ ಬಿಡಿಸಿ ಹೇಳಿದ್ದೆ.

ಪಲಮನೇರು ದಾಟಿ ಮೊಗಿಲಿ ಘಾಟಿನಲ್ಲಿ ಗಾಡಿ ಕೈಕೊಟ್ಟಿತು. ಚೆಕ್ ಲೈಟ್ ಬಂತು, ಆಕ್ಸಿಲರೇಟರ್ ಒತ್ತಿದರೂ ಎಳೆಯಲಿಲ್ಲ, ಆಮೇಲೆ ಆಫ್ ಆಯಿತು. ರಾತ್ರಿಯೇ ಬೇರೆ ಗಾಡಿ ತರಿಸಿ ಕ್ರೇಟುಗಳನ್ನೆಲ್ಲ ಬದಲಿಸಿದೆ. ಬೆಳಗಿನ ವ್ಯಾಪಾರ ತಪ್ಪಿದ ಟೊಮೆಟೊ ಯಾವ ರೇಟಿಗೆ ಹೋಗುತ್ತದೆ ಅಂತ ಯಾವ ಮಂಡಿಯವರನ್ನಾದರೂ ಕೇಳಿ. ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0087. ಅಂದರೆ ಒತ್ತಡದ ಡೀಸೆಲ್ ತುಂಬಿರುವ ಕಾಮನ್ ರೈಲ್ ಕೊಳವೆಯಲ್ಲಿ ಪ್ರೆಷರ್ ಸಾಲುತ್ತಿಲ್ಲ.

ಇದಕ್ಕೆ ನಿಮ್ಮವರು ಕೊಟ್ಟ ಉತ್ತರ: "ಡೀಸೆಲ್‌ನಲ್ಲಿ ನೀರಿದೆ, ವಾರಂಟಿ ಬರಲ್ಲ."

ಸ್ವಾಮಿ, ನೀರು ತಡೆಯುತ್ತೇವೆ ಅಂತ ಹೇಳಿ ತಾನೇ ಈ ಕಿಟ್ ಮಾರಿದ್ದು? ಮೆಕ್ಯಾನಿಕ್, ಸೆಪರೇಟರ್ ಬಟ್ಟಲಿನ ಡ್ರೈನ್ ತಿರುಪು ಬಿಚ್ಚಿದರೆ ಒಂದು ಹನಿ ನೀರೂ ಬರಲಿಲ್ಲ. ವಿಡಿಯೋ ಇದೆ. ಒಂದೋ ಡೀಸೆಲ್ ಸರಿಯಾಗೇ ಇತ್ತು, ಇಲ್ಲವೇ ನಿಮ್ಮ ಫಿಲ್ಟರ್ ನೀರನ್ನು ಹಿಡಿಯಲೇ ಇಲ್ಲ. ಯಾವುದನ್ನು ಒಪ್ಪಿಕೊಳ್ಳುತ್ತೀರಿ?

ನಿಜವಾದ ತಪ್ಪು ಜೋಡಣೆಯಲ್ಲಿದೆ. ಇಂಥ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಲುತ್ತವೆ. ಅದಕ್ಕೇ ಟ್ಯಾಂಕಿನ ಪಕ್ಕದಲ್ಲಿ, ತಗ್ಗಿನಲ್ಲಿ ಕೂರಿಸಬೇಕು. ನಿಮ್ಮವರು ಕ್ಯಾಬಿನ್ ಹತ್ತಿರ, ಟ್ಯಾಂಕಿಗಿಂತ ಎತ್ತರದಲ್ಲಿ ಬೋಲ್ಟ್ ಹಾಕಿದ್ದಾರೆ. ಜಾಗ ಸುಲಭಕ್ಕೆ ಸಿಕ್ಕಿತು ಅಂತ ಇರಬೇಕು. ಕರೆಂಟಿಗೆ ಬ್ಯಾಟರಿಯಿಂದ ಬೇರೆ ವೈರ್, ರಿಲೇ, ಫ್ಯೂಸ್ ಇಲ್ಲ. ಹಾರ್ನ್ ವೈರಿಗೇ ಗಂಟು ಹಾಕಿದ್ದಾರೆ! ಘಾಟಿನ ತಿರುವುಗಳಲ್ಲಿ ಹಾರ್ನ್ ಹೊಡೆಯದೆ ಗಾಡಿ ಓಡಿಸುವುದು ಹೇಗೆ? ಎರಡರ ಭಾರಕ್ಕೆ ಹಾರ್ನಿನ ಫ್ಯೂಸ್ ಸುಟ್ಟಿತು, ಪಂಪ್ ನಿಂತಿತು. ಬೈಪಾಸ್ ವಾಲ್ವ್ ಇದ್ದಿದ್ದರೆ ಇಂಜಿನ್ ಮೊದಲಿನ ಹಾಗೆ ತಾನೇ ಡೀಸೆಲ್ ಎಳೆದುಕೊಂಡು ನಿಧಾನಕ್ಕಾದರೂ ಚಿತ್ತೂರು ಮುಟ್ಟುತ್ತಿತ್ತು. ಅದನ್ನೂ ಹಾಕಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಪೈಪು. ಫಿಲ್ಟರ್ ದಾಟಿದ ಮೇಲಿನ ತುಂಡಿಗೆ ಡೀಸೆಲ್ ಹೋಸ್ ಹಾಕದೆ ಸಾದಾ ರಬ್ಬರ್ ಪೈಪು ಸಿಕ್ಕಿಸಿದ್ದಾರೆ. ಅದು ಡೀಸೆಲ್ ಕುಡಿದು ಊದಿಕೊಂಡು ಒಳಗೆಲ್ಲ ಉದುರಿದೆ. ಹೈ ಪ್ರೆಷರ್ ಪಂಪಿಗೆ ಎಷ್ಟು ಡೀಸೆಲ್ ಬಿಡಬೇಕು ಅಂತ ಅಳೆಯುವ ಮೀಟರಿಂಗ್ ಯೂನಿಟ್ ಬಿಚ್ಚಿದಾಗ ಸಿಕ್ಕಿದ್ದು ಕಪ್ಪು ರಬ್ಬರ್ ಚೂರು. ಸೋಸಿದ ಡೀಸೆಲ್‌ಗೆ ನೀವೇ ಕಸ ಬೆರೆಸಿದ ಹಾಗಾಯಿತು. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಗತಿ ಏನಾಗಬೇಕು? ನಾಲ್ಕನ್ನೂ ಟೆಸ್ಟ್ ಬೆಂಚಿಗೆ ಹಾಕಿಸಬೇಕಾಯಿತು.

ಈ ಪತ್ರ ತಲುಪಿದ 15 ದಿನಗಳಲ್ಲಿ ಕಿಟ್ ಮತ್ತು ಜೋಡಣೆಯ ಪೂರ್ತಿ ಹಣ, ಮೀಟರಿಂಗ್ ಯೂನಿಟ್ ಹಾಗೂ ಇಂಜೆಕ್ಟರ್ ಕೆಲಸದ ಖರ್ಚು, ಟೋಯಿಂಗ್ ಮತ್ತು ಬದಲಿ ಗಾಡಿಯ ಬಾಡಿಗೆ ಕೊಡಬೇಕು. ಇನ್ನೊಂದು ಕಿಟ್ ಕೊಡುತ್ತೇವೆ ಅಂತ ಸುಮ್ನೆ ಫೋನ್ ಮಾಡಬೇಡಿ, ಬೇಡ.

"ಕಮರ್ಷಿಯಲ್ ಗಾಡಿ, ಗ್ರಾಹಕ ಕಾನೂನು ಅನ್ವಯಿಸಲ್ಲ" ಅಂತಲೂ ನಿಮ್ಮವರೊಬ್ಬರು ಫೋನಿನಲ್ಲಿ ಅಂದರು. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಓದಿಸಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವನ್ನು ಅದು ವಾಣಿಜ್ಯದ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಕೋಲಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ದೂರುದಾರ ಇರುವ ಊರಿನಲ್ಲೇ ಕೇಸ್ ಹಾಕಬಹುದು, ಬೆಂಗಳೂರಿಗೆ ಓಡಾಡಬೇಕಿಲ್ಲ.

ಬಿಲ್ಲುಗಳು, ಸ್ಕ್ಯಾನ್ ರಿಪೋರ್ಟ್, ಫೋಟೋಗಳ ಪ್ರತಿ ಲಗತ್ತಿಸಿದ್ದೇನೆ. ಹಳೇ ಪೈಪು, ಪಂಪ್ ನನ್ನ ಹತ್ತಿರವೇ ಇವೆ. ನಿಮ್ಮ ಇಂಜಿನಿಯರ್ ಬಂದು ನೋಡಬಹುದು, ಆದರೆ ತೆಗೆದುಕೊಂಡು ಹೋಗಲು ಬಿಡುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ
ಕೋಲಾರ