ಹಸಿರು ಮಗ್ಗುಲಿನ ಪಟ

ಪ್ರೀತಿಯ ಗೆಳೆಯಾ,

ಕಳೆದ ಭಾನುವಾರ ನೀನು ನನ್ನ ಹಿತ್ತಲಿನ ಕುಳ್ಳ ಮರ, ಆ ಸೂಜಿಯೆಲೆಯ ಸ್ಪ್ರೂಸ್, ಹೇಗಿದೆಯೆಂದು ಕೇಳಿದಾಗ ಚೆನ್ನಾಗಿದೆ ಎಂದೆ. ಆ ಉತ್ತರವನ್ನು ತಿದ್ದಲೆಂದೇ ಈ ಪತ್ರ; ಫೋನಿನಲ್ಲಿ ಬಾಯಿಗೆ ಬಾರದ್ದನ್ನು ನಾಲ್ಕು ಜನರೆದುರು ಬರೆಯುವುದು ನನಗೆ ಸುಲಭವೆಂಬುದು ನಿನಗೆ ಹೊಸತಲ್ಲ.

ಕೆನಡಾದ ಕ್ಯಾಲ್ಗರಿಯ ಈ ಹಿತ್ತಲಿನಲ್ಲಿ ನಾನು ನೆಟ್ಟ ಮೊದಲ ಗಿಡ ಅದು. ಅದರ ಹುಟ್ಟೂರು ಇಲ್ಲಿಂದ ಸುಮಾರು 180 ಕಿಲೋಮೀಟರ್ ದೂರದಲ್ಲಿದೆ: 1904ರಲ್ಲಿ ಹಾರ್ವರ್ಡಿನ ಮರಗಳ ತೋಟವಾದ ಅರ್ನಾಲ್ಡ್ ಅರ್ಬೊರೇಟಮ್‌ನ ಜಾನ್ ಜಾಕ್ ಮತ್ತು ಆಲ್ಫ್ರೆಡ್ ರೇಡರ್, ಈಗಿನ ಲೇಕ್ ಲೂಯಿಸ್ ಬಳಿಯ ಲಗ್ಗನ್‌ನಲ್ಲಿ, ಸಹಜವಾಗಿಯೇ ಕುಳ್ಳಾಗಿ ಹುಟ್ಟಿದ ಬಿಳಿ ಸ್ಪ್ರೂಸ್ ಸಸಿಗಳನ್ನು ಕಂಡರು. ನೂರಡಿ ಮುಟ್ಟಬಲ್ಲ ಜಾತಿಯ ಮರ ಈ ರೂಪದಲ್ಲಿ ವರ್ಷಕ್ಕೆ 5ರಿಂದ 10 ಸೆಂಟಿಮೀಟರ್ ಮಾತ್ರ ಬೆಳೆದು, ಕತ್ತರಿ ಸೋಕದೆಯೇ ಗೋಪುರದಂತೆ ನಿಲ್ಲುತ್ತದೆ.

ಹುಟ್ಟೂರು ಇಷ್ಟು ಹತ್ತಿರವಿದ್ದರೂ ಇಲ್ಲಿಯ ಚಳಿಗಾಲ ಅದಕ್ಕೆ ಹದವಲ್ಲ. ರಾಕಿ ಪರ್ವತಗಳನ್ನಿಳಿದು ಬರುವ ಚಿನೂಕ್ ಎಂಬ ಬೆಚ್ಚನೆಯ ಒಣಗಾಳಿ ಸೂಜಿಯೆಲೆಗಳ ತೇವವನ್ನು ಹೀರುವಾಗ, ಹೆಪ್ಪುಗಟ್ಟಿದ ನೆಲದಿಂದ ಬೇರು ನೀರೆತ್ತಲಾರದು. ಆದ್ದರಿಂದ ನೆಲ ಗಟ್ಟಿಯಾಗುವ ಮುನ್ನವೇ ಬುಡಕ್ಕೆ ಧಾರಾಳವಾಗಿ ನೀರುಣಿಸಿ, ಬಿಸಿಲು ಗಾಳಿ ಬಡಿಯುವ ಮಗ್ಗುಲಿಗೆ ಗೋಣಿತಟ್ಟಿನ ಮರೆ ಕಟ್ಟಬೇಕು. ನಾಲ್ಕು ವರ್ಷ ತಪ್ಪದೆ ಮಾಡಿದ್ದೆ.

ಈ ಸಲ ಮಾಡಲಿಲ್ಲ. ಅಪ್ಪನ ಕಾರ್ಯ ಮುಗಿಸಿ ಅಕ್ಟೋಬರಿನಲ್ಲಿ ಮರಳಿದವನು ಹಿತ್ತಲ ಬಾಗಿಲನ್ನೇ ತೆರೆಯಲಿಲ್ಲ. ಕಿಟಕಿಯಿಂದ ಮರ ಕಾಣುತ್ತಿತ್ತು, ಅದಕ್ಕೆ ನೀರು ಬೇಕೆಂಬುದೂ ಗೊತ್ತಿತ್ತು. ಅಪ್ಪ ಪ್ರತಿ ಭಾನುವಾರ "ಗಿಡಕ್ಕೆ ನೀರು ಹಾಕಿದೆಯೇನೋ" ಎಂದೇ ಫೋನಿನಲ್ಲಿ ಮಾತು ಶುರು ಮಾಡುತ್ತಿದ್ದರು. ಹಾಗೆ ಕೇಳುವವರು ಇಲ್ಲವಾದ ಮೇಲೆ ನನಗೆ ಪೈಪು ಹಿಡಿಯಲು ಕೈ ಬರಲಿಲ್ಲ. ಮಾರ್ಚಿನ ಹೊತ್ತಿಗೆ ಅರ್ಧ ಮರ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ನಿನಗೆ ಕಳುಹಿಸಿದ ಪಟಗಳೆಲ್ಲ ಹಸಿರು ಉಳಿದ ಉತ್ತರದ ಮಗ್ಗುಲಿನವು. ಅಮ್ಮನಿಗೆ ಕಳುಹಿಸಿದವೂ ಅವೇ, ಪಟದಲ್ಲಿ ನಾನು ನಗುತ್ತ ನಿಂತಿದ್ದೇನೆ.

ಇಷ್ಟೆಲ್ಲ ಬರೆಯಲೆಂದು ಕುಳಿತಿರಲಿಲ್ಲ. ಮರದ ಮಾತಿಗೇ ಬರುತ್ತೇನೆ. ನಿನ್ನೆ ಒಣಗಿದಂತೆ ಕಾಣುವ ರೆಂಬೆಗಳನ್ನು ಉಗುರಿನಿಂದ ಕೆರೆದಾಗ ಕೆಲವೆಡೆ ತೊಗಟೆಯಡಿ ಹಸಿರು ಕಂಡಿತು. ಬಿಳಿ ಹಾಳೆಯ ಮೇಲೆ ರೆಂಬೆ ತಟ್ಟಿ ನೋಡಿದೆ, ಎಲೆಯ ರಸ ಹೀರುವ ಜೇಡನುಸಿಯೂ ಬಿದ್ದಿಲ್ಲ. ಪೂರ್ತಿ ಸತ್ತ ಕೊಂಬೆ ಮತ್ತೆ ಚಿಗುರದು, ಆದರೆ ಮೊಗ್ಗು ಉಳಿದಿದ್ದರೆ ತುದಿಗಳು ಹಸಿರಾಗುತ್ತವೆ. ಅದಕ್ಕೇ ಜೂನ್ ಕಳೆಯುವವರೆಗೂ ಕತ್ತರಿ ಹಿಡಿಯುವುದಿಲ್ಲ.

ಜುಲೈಯಲ್ಲಿ ನೀನು ಬಂದಾಗ ದಕ್ಷಿಣದ ಮಗ್ಗುಲಿನಲ್ಲೇ ಕುರ್ಚಿ ಹಾಕುತ್ತೇನೆ.

ನಿನ್ನ ಗೆಳೆಯ