ಪುಟ್ಟಿಗೆ, ಕಾಲೇಜು ಸೇರುವ ಮುಂಚೆ

ತುಮಕೂರು
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸ್ಟೆನೋ ಆಗೋಕೆ ಏನು ಕಲಿಯಬೇಕು, ಎಲ್ಲಿ ಕಲಿಯಬೇಕು ಅಂತ ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿತ್ತು, ಮನೆ ತುಂಬ ನೆಂಟರು ಬೇರೆ. ರಾತ್ರಿ ಮಲಗಿದ ಮೇಲೂ ಅದೇ ಯೋಚನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಎಸ್ಸೆಸ್ಸೆಲ್ಸಿ ಆಯಿತು, ಮುಂದೇನು ಅಂತ ನಿಮ್ಮನೆಯಲ್ಲಿ ದಿನಾ ಮಾತು ನಡೆಯುತ್ತಿದೆಯಂತೆ. ನಿಮ್ಮಪ್ಪನಿಗೆ ಪಿಯುಸಿ ಸೈನ್ಸ್ ಆಸೆ. ನಿನಗೆ ಆಫೀಸಿನ ಕೆಲಸ ಇಷ್ಟ. "ನಿಮ್ಮ ಹಾಗೆ ಸ್ಟೆನೋ ಆಗಬೇಕು ದೊಡ್ಡಮ್ಮ" ಅಂದೆಯಲ್ಲ, ಅದನ್ನು ಕೇಳಿ ಸಂತೋಷವೂ ಆಯಿತು, ಸ್ವಲ್ಪ ದಿಗಿಲೂ ಆಯಿತು. ಕೋರ್ಟಿನಲ್ಲಿ ಹೇಳಿದ್ದನ್ನು ಶೀಘ್ರಲಿಪಿಯಲ್ಲಿ, ಅಂದರೆ ಶಾರ್ಟ್‌ಹ್ಯಾಂಡಿನ ಗುರುತುಗಳಲ್ಲಿ, ಬೇಗ ಬರೆದುಕೊಂಡು ಆಮೇಲೆ ಟೈಪ್ ಮಾಡುವ ಈ ಕೆಲಸಕ್ಕೆ ನಾನು ಬಂದಾಗ ಇದ್ದ ಪ್ರಪಂಚ ಈಗಿಲ್ಲ. ಆದರೂ ನಿನ್ನ ಆಸೆ ತಪ್ಪಲ್ಲ. ಹೇಗೆ ಕಲಿಯುತ್ತೀಯ, ಎಲ್ಲಿ ಕಲಿಯುತ್ತೀಯ ಅನ್ನುವುದರಲ್ಲೇ ಎಲ್ಲ ಇದೆ.

ಮೊದಲು ಆ ಬಸ್ ಸ್ಟ್ಯಾಂಡ್ ಹತ್ತಿರದ ಬೋರ್ಡಿನ ವಿಷಯ. "ಆಫೀಸ್ ಮ್ಯಾನೇಜ್‌ಮೆಂಟ್ ಕೋರ್ಸ್, ಮೂರೇ ತಿಂಗಳು, ಕೆಲಸ ಗ್ಯಾರಂಟಿ" ಅಂತ ಫೋಟೋ ಕಳಿಸಿದ್ದೀಯ. ಬೇಡ ಮಗಳೇ. ಮೂರು ತಿಂಗಳಲ್ಲಿ ಕಂಪ್ಯೂಟರ್ ಆನ್ ಮಾಡಿ ನಾಲ್ಕು ಸಾಲು ಬರೆಯುವುದು ಬರುತ್ತದೆ. ಬೆರಳಿಗೆ ಅಭ್ಯಾಸ ಹತ್ತುವುದಿಲ್ಲ. ಅದು ಯಾಕೆ ಅಂತ ನನ್ನ ಕಥೆಯಿಂದಲೇ ಹೇಳುತ್ತೇನೆ.

1979ರಲ್ಲಿ ನಾನು ಟೈಪಿಂಗಿಗೆ ಸೇರಿದೆ. ಒಂದು ಉದ್ದನೆಯ ಕೋಣೆ. ಎರಡು ಸಾಲು ಮೇಜು. ರೆಮಿಂಗ್ಟನ್, ಹಾಲ್ಡಾ, ಗೋದ್ರೆಜ್ ಮೆಷಿನ್ನುಗಳು. ಗೋದ್ರೆಜ್‌ನವರು 1955ರಿಂದ ನಮ್ಮ ದೇಶದಲ್ಲೇ ಟೈಪ್‌ರೈಟರ್ ಮಾಡುತ್ತಿದ್ದರು, ಊರೂರಿನ ಇನ್‌ಸ್ಟಿಟ್ಯೂಟುಗಳಲ್ಲೂ ಇದ್ದವು. ಮೊದಲ ಹದಿನೈದು ದಿನ ನಮಗೆ ಸಿಕ್ಕಿದ್ದು ಒಂದೇ ಸಾಲು. ಎಡಗೈಗೆ ಎ ಎಸ್ ಡಿ ಎಫ್, ಬಲಗೈಗೆ ಸೆಮಿಕೋಲನ್ನು, ಎಲ್ ಕೆ ಜೆ. ಅದನ್ನೇ ಹೊಡೆದು ಹೊಡೆದು ಹಾಳೆ ತುಂಬಿಸಬೇಕು. ನನ್ನ ಹಾಳೆಯಲ್ಲಿ ಎ ಅಕ್ಷರ ಯಾವಾಗಲೂ ಮಸುಕು. ಕಿರುಬೆರಳಿಗೆ ಶಕ್ತಿ ಸಾಲದು ನೋಡು. ಆಮೇಲೆ ಕಲಿತ ಫುಲ್‌ಸ್ಟಾಪ್ ಮಾತ್ರ ಕಾಗದವನ್ನೇ ತೂತು ಮಾಡುತ್ತಿತ್ತು. ನಮ್ಮ ಮೇಷ್ಟ್ರು ಹಾಳೆಯನ್ನು ಓದುತ್ತಿರಲಿಲ್ಲ. ತಿರುಗಿಸಿ ಹಿಂಬದಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಎಲ್ಲ ಅಕ್ಷರವೂ ಒಂದೇ ಸಮ ಉಬ್ಬಿದ್ದರೆ ಮುಂದಿನ ಪಾಠ. ಇಲ್ಲದಿದ್ದರೆ ಮತ್ತೆ ಎ ಎಸ್ ಡಿ ಎಫ್. ನಾನು ಮುಂದಿನ ಪಾಠಕ್ಕೆ ಹೋಗೋಕೆ ಒಂದು ತಿಂಗಳೇ ಬೇಕಾಯಿತು.

ಈಗಿನ ಕೀಬೋರ್ಡಿಗೆ ಅಷ್ಟು ಬಲ ಬೇಡ, ನಿಜ. ಆದರೆ ಕಣ್ಣು ಕೀ ಮೇಲೆ ಇರಬಾರದು ಅನ್ನುವುದು ಈಗಲೂ ಹಾಗೇ ಇದೆ. ಎರಡು ಬೆರಳಲ್ಲಿ ಹುಡುಕಿ ಹುಡುಕಿ ಕುಟ್ಟುವವರನ್ನು ಆಫೀಸುಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಇಪ್ಪತ್ತು ವರ್ಷ ಕೆಲಸ ಮಾಡಿದರೂ ಅವರ ಕಣ್ಣು ಕೆಳಗೇ. ಅಂಥವರಿಗೆ ತಪ್ಪು ಕಾಣುವುದು ಪುಟ ಮುಗಿದ ಮೇಲೆ.

ಹಾಗಾಗಿ ನನ್ನ ಮನಸ್ಸು ಪಾಲಿಟೆಕ್ನಿಕ್‌ನ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಕಡೆಗಿದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ, ಆರು ಸೆಮಿಸ್ಟರ್. ಪಾಲಿಟೆಕ್ನಿಕ್ ಅಂದರೆ ಸಿವಿಲ್ಲು, ಮೆಕ್ಯಾನಿಕಲ್ಲು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ, ನಿಮ್ಮಪ್ಪನೂ ಹಾಗೇ ಅಂದುಕೊಂಡಿರಬಹುದು. ಕೆಲವು ಪಾಲಿಟೆಕ್ನಿಕ್‌ಗಳಲ್ಲಿ, ಅದರಲ್ಲೂ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ, ಈ ಕೋರ್ಸ್ ಇದೆ. ಬೆರಳಚ್ಚು, ಶೀಘ್ರಲಿಪಿ, ಲೆಕ್ಕಪತ್ರ, ಪತ್ರ ವ್ಯವಹಾರ, ಕಂಪ್ಯೂಟರ್ ಎಲ್ಲವನ್ನೂ ಒಟ್ಟಿಗೆ ಕಲಿಸುತ್ತಾರೆ. ಸರ್ಕಾರಿ ಕಾಲೇಜಾದರೆ ಶುಲ್ಕವೂ ಖಾಸಗಿಗಿಂತ ತುಂಬಾ ಕಡಿಮೆ. ಮೂರು ವರ್ಷ ಜಾಸ್ತಿ ಆಯಿತು ಅನ್ನಿಸಿದರೆ ಐಟಿಐಗಳಲ್ಲಿ ಒಂದು ವರ್ಷದ ಸ್ಟೆನೋಗ್ರಾಫರ್ ಟ್ರೇಡ್ ಇದೆ, ಕೋಪಾ ಅನ್ನುವ ಕಂಪ್ಯೂಟರ್ ಆಪರೇಟರ್ ಟ್ರೇಡ್ ಇದೆ. ಆದರೆ ನಿನಗೆ ಇನ್ನೂ ಹದಿನಾರು. ಮೂರು ವರ್ಷ ಕೊಡು.

ಇನ್ನೊಂದು. ನಿಮ್ಮ ಮಾವ ಹೇಳಿದ "ಸೆಕ್ರೆಟರಿ ಕೋರ್ಸ್‌" ಬೇರೆಯದು. ಅದು ಕಂಪನಿ ಸೆಕ್ರೆಟರಿ. 1980ರ ಕಂಪನಿ ಸೆಕ್ರೆಟರಿಗಳ ಕಾಯ್ದೆ ಪ್ರಕಾರ ಅದಕ್ಕೇ ಒಂದು ಸಂಸ್ಥೆ ಇದೆ, ಪರೀಕ್ಷೆಗಳು ಕಷ್ಟ, ಕೆಲಸ ಕಂಪನಿ ಕಾನೂನಿಗೆ ಸೇರಿದ್ದು. ಹೆಸರು ಒಂದೇ ಥರ ಕೇಳಿಸುತ್ತದೆ, ಅಷ್ಟೇ.

ಕಾಲೇಜು ನೋಡೋಕೆ ಹೋದಾಗ ಕಟ್ಟಡ ನೋಡಬೇಡ. ಕೆಲಸದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋಗು. ಲ್ಯಾಬಿನ ಬಾಗಿಲಲ್ಲಿ ಒಂದೈದು ನಿಮಿಷ ನಿಲ್ಲು. ಒಂದು ಕಂಪ್ಯೂಟರಿನ ಮುಂದೆ ಎಷ್ಟು ಮಕ್ಕಳು ಕೂತಿದ್ದಾರೆ ನೋಡು. ಮೂರನೇ ವರ್ಷದ ಒಬ್ಬ ಹುಡುಗಿಯ ಶೀಘ್ರಲಿಪಿ ನೋಟ್‌ಬುಕ್ ಕೇಳಿ ನೋಡು. ಪುಟ ಪುಟವೂ ತುಂಬಿದೆಯಾ, ಮೇಷ್ಟ್ರ ಕೆಂಪು ಇಂಕು ಅದರಲ್ಲಿ ಇದೆಯಾ? ಹೋದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ ಅಂತ ಕೇಳು. ಆಫೀಸಿನಲ್ಲಿ ಕೇಳಬೇಡ, ಕ್ಯಾಂಟೀನಿನಲ್ಲಿ ಕೇಳು. ಮಕ್ಕಳು ನಿಜ ಹೇಳುತ್ತಾರೆ.

ಈಗ ಶೀಘ್ರಲಿಪಿ. ಅದರ ಬಗ್ಗೆ ನಿಮ್ಮಪ್ಪ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. "ಫೋನಿಗೆ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ, ಇನ್ನು ಶಾರ್ಟ್‌ಹ್ಯಾಂಡ್ ಯಾಕೆ ಅತ್ತಿಗೆ?" ಅಂದರು. ನಾನೂ ಫೋನಿನಲ್ಲಿ ಹಾಗೆ ಬರೆಸಿ ನೋಡಿದ್ದೇನೆ. ಚೆನ್ನಾಗಿಯೇ ಬರೆಯುತ್ತದೆ. ಬರೀ ಟೈಪ್ ಮಾಡೋಕೆ ಅಂತ ಜನ ಬೇಕಾಗಿದ್ದ ಕಾಲ ಹೋಗುತ್ತಿದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ನಮ್ಮ ಕೋರ್ಟಿನ ಒಂದು ಪುಟ ತೆಗೆದುಕೋ. ಬಿನ್ (ಇಂಥವರ ಮಗ), ಕೋಂ (ಇಂಥವರ ಹೆಂಡತಿ), ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ), ಗುಂಟೆ, ಸರ್ವೆ ನಂಬರು, ಫಿರ್ಯಾದಿ. ಒಂದೊಂದನ್ನೂ ಯಾರಾದರೂ ಕೂತು ಹೌದಾ ಅಂತ ನೋಡಲೇಬೇಕು. ಹಾಗೆ ನೋಡೋಕೆ ಪಳಗಿದ ಕಿವಿ ಬೇಕು. ಶೀಘ್ರಲಿಪಿ ಕಲಿತರೆ ಆ ಕಿವಿ ಬರುತ್ತದೆ. ನನಗೆ ಬಂದದ್ದು ಅದರಿಂದಲೇ.

ಐಸಾಕ್ ಪಿಟ್‌ಮನ್ 1837ರಲ್ಲಿ ತಂದ ಪದ್ಧತಿ ಅದು. ಕಾಗುಣಿತ ಲೆಕ್ಕಕ್ಕಿಲ್ಲ, ಕಿವಿಗೆ ಬಿದ್ದ ಶಬ್ದ ಮಾತ್ರ. ಪ ಶಬ್ದಕ್ಕೆ ತೆಳು ಗೆರೆ. ಅದೇ ಗೆರೆ ದಪ್ಪವಾದರೆ ಬ. ಟ ಶಬ್ದಕ್ಕೆ ನೆಟ್ಟಗೆ ಕೆಳಗಿಳಿಯುವ ತೆಳು ಗೆರೆ, ದಪ್ಪ ಮಾಡಿದರೆ ಡ. ಸ್ವರಗಳಿಗೆ ಚುಕ್ಕಿ, ಪುಟ್ಟ ಗೀಟು. ವೇಗ ಬಂದ ಮೇಲೆ ಸ್ವರಗಳನ್ನು ಬಿಟ್ಟು ಬರೆಯುತ್ತೇವೆ, ಬರೆದ ಗುರುತು ನೋಟ್‌ಬುಕ್ಕಿನ ಸಾಲಿನ ಮೇಲಿದೆಯಾ ಕೆಳಗಿದೆಯಾ ಅನ್ನುವುದರಿಂದ ಗುರುತು ಹಿಡಿಯುತ್ತೇವೆ. ಪೆನ್ಸಿಲ್ಲನ್ನು ಒತ್ತಿ ಹಿಡಿಯಬಾರದು. ಒತ್ತಿದರೆ ತೆಳು ಗೆರೆ ಬರುವುದೇ ಇಲ್ಲ, ಪ ಎಲ್ಲ ಬ ಆಗುತ್ತದೆ.

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಬ್ಬ ವಯಸ್ಸಾದ ರೈತ ಸಾಕ್ಷಿ ಹೇಳುತ್ತಿದ್ದ. ಜಡ್ಜ್ ಸಾಹೇಬರು ನನಗೆ ಉಕ್ತಲೇಖನ (ಡಿಕ್ಟೇಶನ್) ಕೊಡುತ್ತಿದ್ದರು. ಮಧ್ಯಾಹ್ನ ಆಗಿತ್ತು, ನನಗೆ ತಲೆನೋವು. "ಆ ದಿನ ಆತನನ್ನು ನಾನು ನೋಡಿಲ್ಲ" ಅನ್ನುವ ಸಾಲು. ನಾನು "ನೋಡಿದೆ" ಅಂತ ಟೈಪ್ ಮಾಡಿದ್ದೆ. ನನ್ನ ನೋಟ್ಸಿನಲ್ಲಿ ಗೆರೆ ಸ್ಪಷ್ಟ ಇರಲಿಲ್ಲ, ನಾನು ನೆನಪಿನ ಮೇಲೆ ಹೋಗಿದ್ದೆ. ಸಾಕ್ಷಿಯ ಹೇಳಿಕೆ ಮುಗಿದ ಮೇಲೆ ಅದನ್ನು ಅವನಿಗೇ ಓದಿ ಹೇಳುತ್ತಾರೆ. ಕೊನೆಯಲ್ಲಿ "ಓ.ಹೇ.ಕೇ. ಸರಿ ಇದೆ" ಅಂತ ಬರೆಯುತ್ತಾರೆ. ಓದಿ ಹೇಳಿ ಕೇಳಲಾಗಿ ಸರಿ ಇದೆ ಅಂತ. ಓದುವಾಗ ಆ ಮುದುಕ ಎರಡೂ ಕೈ ಎತ್ತಿ "ಇಲ್ಲ ಸ್ವಾಮಿ, ನಾನು ನೋಡಿಲ್ಲ ಅಂದೆ" ಅಂದ. ಸಾಹೇಬರು ನನ್ನ ಕಡೆ ಒಂದು ಸಲ ನೋಡಿ ತಿದ್ದಿಸಿದರು. ಬೈಯಲಿಲ್ಲ. ಆವತ್ತು ಸಂಜೆ ಬಸ್ಸಿನಲ್ಲಿ ನನಗೆ ಕಣ್ಣೀರು ನಿಲ್ಲಲಿಲ್ಲ. ಅವನಿಗೆ ಕಿವಿ ಮಂದ ಇದ್ದಿದ್ದರೆ? ಓದುವವರು ಗಡಿಬಿಡಿಯಲ್ಲಿ ಹಾರಿಸಿದ್ದರೆ? ಅವತ್ತಿನಿಂದ "ಇಲ್ಲ", "ಅಲ್ಲ", "ಬೇಡ" ಬಂದ ಕಡೆಯಲ್ಲೆಲ್ಲ ನಾನು ನೋಟ್ಸಿನಲ್ಲಿ ಕೆಳಗೊಂದು ಗೀಟು ಹಾಕುತ್ತಿದ್ದೆ. ನಿವೃತ್ತಿ ಆಗುವವರೆಗೂ ಹಾಕಿದೆ. ನೀನೂ ಹಾಕು.

ಪರೀಕ್ಷೆಗಳ ವಿಷಯಕ್ಕೆ ಬಂದರೆ, ಕಾಲೇಜಿನ ಜೊತೆಗೇ ರಾಜ್ಯದ ವಾಣಿಜ್ಯ ಪರೀಕ್ಷೆಗಳನ್ನು ಕಟ್ಟುವ ಯೋಚನೆ ಮಾಡು. ಬೆರಳಚ್ಚು, ಶೀಘ್ರಲಿಪಿ ಎರಡೂ, ಕನ್ನಡ ಇಂಗ್ಲಿಷ್ ಎರಡರಲ್ಲೂ. ಜೂನಿಯರ್ ಮುಗಿಸಿ ಸುಮ್ನೆ ಕೂರಬೇಡ, ಸೀನಿಯರ್ ಮಾಡು. ಕೋರ್ಟಿನ ಸ್ಟೆನೋ ಹುದ್ದೆಗಳಿಗೆ ಅದು ಬೇಕಾಗುತ್ತದೆ. ಆಮೇಲೆ ಜಡ್ಜ್‌ಮೆಂಟ್ ರೈಟರ್, ಅಂದರೆ ಜಡ್ಜ್ ಹೇಳುವ ತೀರ್ಪು ಬರೆದುಕೊಳ್ಳುವವಳು, ಆಗುವ ದಾರಿಯೂ ಇದೆ. ಕೇಂದ್ರ ಸರ್ಕಾರದ ಎಸ್ಸೆಸ್ಸಿ (ಸ್ಟಾಫ್ ಸೆಲೆಕ್ಷನ್ ಕಮಿಷನ್) ಸ್ಟೆನೋ ಪರೀಕ್ಷೆಗೆ ಹನ್ನೆರಡನೇ ತರಗತಿ ಸಾಕು, ಆದರೆ ಡಿಕ್ಟೇಶನ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ. ಡಿ ಗ್ರೇಡಿಗೆ ನಿಮಿಷಕ್ಕೆ 80 ಪದ, ಸಿ ಗ್ರೇಡಿಗೆ 100 ಪದ. ಹತ್ತು ನಿಮಿಷ ಬಿಡದೆ ಓದುತ್ತಾರೆ. ಮೊದಲ ಮೂರು ನಿಮಿಷ ಎಲ್ಲರೂ ಬರೆಯುತ್ತಾರೆ. ಏಳನೇ ನಿಮಿಷದಲ್ಲಿ ಕೈ ಸೋಲುತ್ತದೆ. ಅಲ್ಲಿ ಒಂದು ಪದ ಬಿಟ್ಟರೆ ಅದರ ಹಿಂದೆ ಓಡಬಾರದು, ಜಾಗ ಬಿಟ್ಟು ಮುಂದೆ ಹೋಗಬೇಕು. ಇದನ್ನು ಮನೆಯಲ್ಲೇ ಕಲಿಯಬಹುದು. ಬೆಳಿಗ್ಗೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಹಾಕಿಕೊಂಡು ಅವರ ವೇಗಕ್ಕೆ ಬರೆ.

ಕನ್ನಡ ಟೈಪಿಂಗ್ ಅಂದರೆ ಬರುತ್ತದೆ ಬಿಡಿ ಅಂತ ಉದಾಸೀನ ಮಾಡಬೇಡ. ನೀನು ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಬರಿಸುತ್ತೀಯಲ್ಲ, ಅದು ಆಫೀಸಿಗೆ ಸಾಲದು. ಕೆ. ಪಿ. ರಾವ್ ಅವರು ಮಾಡಿದ ಕೀಲಿಮಣೆ ಕಲಿ. ನುಡಿ ತಂತ್ರಾಂಶದಲ್ಲಿ ಇರುವುದು ಅದೇ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ, ಒತ್ತಕ್ಷರಕ್ಕೆ ಮಧ್ಯೆ ಎಫ್. ಒಂದು ವಾರ ತಲೆ ಕೆಡುತ್ತದೆ, ಆಮೇಲೆ ಕೈಯೇ ಹೋಗುತ್ತದೆ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವೇ ಕಾಣುವ ಯೂನಿಕೋಡ್‌ನಲ್ಲೇ ಅಭ್ಯಾಸ ಮಾಡು. ಹಳೆಯ ನುಡಿ ಫಾಂಟಿನ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರವೂ ಕನ್ನಡ ಕಾಣಿಸುವುದಿಲ್ಲ. ಅರ್ಜೆಂಟ್ ಪತ್ರ ಕಳಿಸಿ, ಆ ಕಡೆಯವರು "ಏನಮ್ಮಾ ಇದು" ಅಂತ ಫೋನ್ ಮಾಡಿದ ದಿನಗಳು ನನಗೆ ಬೇಕಾದಷ್ಟಿವೆ.

ಎಕ್ಸೆಲ್, ಟ್ಯಾಲಿ, ಮೇಲ್ ಮರ್ಜ್ ಚೆನ್ನಾಗಿ ಕಲಿ. ಇನ್ನೂರು ಜನಕ್ಕೆ ಒಂದೇ ನೋಟಿಸು, ಹೆಸರು ವಿಳಾಸ ಮಾತ್ರ ಬೇರೆ ಅಂದಾಗ ನಾವು ಇಡೀ ದಿನ ಕೂರುತ್ತಿದ್ದೆವು. ಮೇಲ್ ಮರ್ಜ್ ಬಂದರೆ ಅರ್ಧ ಗಂಟೆ. ಸಣ್ಣ ಕಂಪನಿಗಳಲ್ಲಿ ಇಂಥ ನಾಲ್ಕು ಕೆಲಸ ಗೊತ್ತಿರುವ ಹುಡುಗಿಯನ್ನು ಸುಲಭಕ್ಕೆ ಬಿಡುವುದಿಲ್ಲ. ಡಿಪ್ಲೊಮಾ ಆದ ಮೇಲೆ ಅಪ್ರೆಂಟಿಸ್ ಆಗಿ ಒಂದು ವರ್ಷ ಎಲ್ಲಾದರೂ ಅವಕಾಶ ಸಿಕ್ಕರೆ ಸ್ಟೈಪೆಂಡ್ ಕಡಿಮೆ ಅಂತ ಬಿಡಬೇಡ. ಬಂದ ಪತ್ರ, ಹೋದ ಪತ್ರಗಳ ಆವಕ ಜಾವಕ ವಹಿ ಬರೆಯುವುದು, ಟಪಾಲು ವಿಂಗಡಿಸುವುದು, ಕಡತ ಮಂಡಿಸುವುದು, ಇದನ್ನೆಲ್ಲ ಪುಸ್ತಕದಲ್ಲಿ ಓದಿದರೆ ಬರುವುದಿಲ್ಲ.

ಇನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡದ ವಿಷಯ. ತೀರ್ಪು ಹೊರಬರುವ ಮೊದಲೇ ಅದು ನನ್ನ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ಒಂದು ಸಲ ನಮ್ಮ ಊರಿನವರದೇ ಜಮೀನು ವ್ಯಾಜ್ಯ ಬಂತು. ಹಬ್ಬಕ್ಕೆ ಊರಿಗೆ ಹೋದಾಗ ಅವರು ಮನೆಗೇ ಬಂದು ಕೂತರು. "ನಿಂಗೆ ಗೊತ್ತಿರುತ್ತೆ, ಆಕಡೆಯಾ ಈಕಡೆಯಾ ಅಷ್ಟು ಹೇಳು ಸಾಕು" ಅಂದರು. ನಾನು ಹೇಳಲಿಲ್ಲ. ನಿಮ್ಮಜ್ಜಿಗೂ ಕೋಪ ಬಂತು. ಊರವರ ಮುಂದೆ ಮರ್ಯಾದೆ ತೆಗೆದೆ ಅಂತ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನನಗೆ ಬಹಳ ನೋವಾಯಿತು. ಆದರೂ ಹೇಳಲಿಲ್ಲ ಪುಟ್ಟಿ. ನಿನಗೂ ಇಂಥ ದಿನ ಬರುತ್ತದೆ. ಸಂಬಳದ ಪಟ್ಟಿ ಇರಬಹುದು, ಯಾರನ್ನೋ ಕೆಲಸದಿಂದ ತೆಗೆಯುವ ಪತ್ರ ಇರಬಹುದು. ನಿನ್ನ ಪಕ್ಕದಲ್ಲೇ ಊಟಕ್ಕೆ ಕೂರುವ ಗೆಳತಿಯ ಹೆಸರು ಅದರಲ್ಲಿ ಇರಬಹುದು. ಆಗ ಬಾಯಿ ಮುಚ್ಚಿಕೊಂಡಿರುವ ಶಕ್ತಿ ನಿನಗಿದೆಯಾ ಅಂತ ಈಗಲೇ ಯೋಚನೆ ಮಾಡು.

ಹಾಗೇ ಇನ್ನೊಂದು ಮಾತು. ಸೆಕ್ರೆಟರಿ ಅಂದರೆ ಕಾಫಿ ತರುವವಳು ಅಂದುಕೊಳ್ಳುವ ಯಜಮಾನರು ಇದ್ದಾರೆ. ಬಂದವರಿಗೆ ನೀರು ಕೊಡುವುದು ಬೇರೆ, ಅದು ನಮ್ಮ ಮನೆಯ ಬುದ್ಧಿ. ಸಂಜೆ ಏಳರ ಮೇಲೂ ಕಾರಣ ಇಲ್ಲದೆ ಕೂರಿಸಿದರೆ, ಮಾತು ದಾರಿ ತಪ್ಪಿದರೆ, ಆ ದಿನವೇ ಮನೆಗೆ ಬಂದು ಹೇಳು. ಕೆಲಸ ಮತ್ತೊಂದು ಹುಡುಕೋಣ. ನಾನಿದ್ದೇನೆ.

ನಿಮ್ಮಪ್ಪನ ಜೊತೆ ಜಗಳ ಮಾಡಬೇಡ. ಅವರು ಬೇಡ ಅನ್ನುತ್ತಿರುವುದು ಭಯದಿಂದ. ಈ ಪತ್ರ ಅವರಿಗೂ ಓದೋಕೆ ಕೊಡು. ಪಾಲಿಟೆಕ್ನಿಕ್ ಪ್ರವೇಶದ ಅರ್ಜಿ ಯಾವಾಗ ಶುರು ಅಂತ ತಾಂತ್ರಿಕ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲಿ ದಿನಾ ನೋಡುತ್ತಿರು. ಅಂಕಪಟ್ಟಿ, ಜಾತಿ ಆದಾಯ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ ಎಲ್ಲ ಒಂದು ಫೈಲಿನಲ್ಲಿ ಹಾಕಿ ಎರಡೆರಡು ಜೆರಾಕ್ಸ್ ಇಟ್ಟುಕೋ.

ಬರುವ ಭಾನುವಾರ ತಿಪಟೂರಿನಿಂದ ಬೆಳಗಿನ ರೈಲು ಹಿಡಿದು ಬಾ. ನನ್ನ ಹಳೆಯ ನೋಟ್‌ಬುಕ್ಕುಗಳು ಟ್ರಂಕಿನಲ್ಲಿವೆ, ತೆಗೆದಿಡುತ್ತೇನೆ. ಆ ಗೀಟುಗಳನ್ನೂ ತೋರಿಸುತ್ತೇನೆ. ಬರುವಾಗ ಎರಡು ಪೆನ್ಸಿಲ್ ತಾ. ಎರಡಕ್ಕೂ ಎರಡೂ ತುದಿ ಚೂಪು ಮಾಡಿರಲಿ, ಒಂದು ಮುರಿದರೆ ಕೆತ್ತುತ್ತಾ ಕೂರೋಕೆ ಹೊತ್ತಿರುವುದಿಲ್ಲ.

ಇಂತಿ
ನಿನ್ನ ದೊಡ್ಡಮ್ಮ